ಹೈಡ್ರೋಜನ್ ಫ್ಯುಯೆಲ್ ಸೆಲ್ ಇರುವ ವಿಮಾನಕ್ಕೆ ಬ್ಯಾಟರಿಯೂ ಏಕೆ ಬೇಕು?

ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ಫ್ಯುಯೆಲ್ ಸೆಲ್ಲೇ ವಿದ್ಯುತ್ ಉತ್ಪಾದಿಸುವಾಗ ಬ್ಯಾಟರಿಯ ಭಾರವನ್ನೂ ಹೊತ್ತು ಹಾರುವುದರಲ್ಲಿ ಅರ್ಥವಿದೆಯೇ, ಎರಡರಲ್ಲಿ ಒಂದು ಸಾಲದೇ ಎಂದು ಕೇಳಿದ್ದೀರಿ. ಮೋಟಾರು ನಿಯಂತ್ರಕಗಳ ವಿನ್ಯಾಸ ನನ್ನ ಕಸುಬಾದ್ದರಿಂದ ಆ ಕಡೆಯಿಂದ ನೋಡಿ ಉತ್ತರಿಸುತ್ತೇನೆ.

ಮೊದಲು ತೂಕದ ಲೆಕ್ಕ. ನಾಲ್ಕು ಆಸನದ ವಿಮಾನವೊಂದಕ್ಕೆ ಮೇಲೇರುವ ಮೊದಲ ಹತ್ತು ನಿಮಿಷ 140 ಕಿಲೋವ್ಯಾಟ್, ಆನಂತರ 80 ಕಿಲೋವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. ಎರಡು ಗಂಟೆಯ ಹಾರಾಟ ಮತ್ತು ಅರ್ಧ ಗಂಟೆಯ ಮೀಸಲು ಸೇರಿ ಸುಮಾರು 210 ಯೂನಿಟ್ ಆಗುತ್ತದೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ 1,000 ವ್ಯಾಟ್-ಅವರ್. ಕಿಲೋಗೆ 200 ವ್ಯಾಟ್-ಅವರ್ ಹಿಡಿಯುವ ಲಿಥಿಯಂ ಅಯಾನ್ ಪ್ಯಾಕಿನಲ್ಲಿ ಇಷ್ಟನ್ನು ತುಂಬಲು 1,050 ಕಿಲೋ ಬ್ಯಾಟರಿ ಬೇಕು. ನಾಲ್ಕು ಆಸನದ ಸೆಸ್ನಾ 172 ವಿಮಾನ ಜನ, ಇಂಧನ ಎಲ್ಲ ಸೇರಿ ಮೇಲೇಳಬಹುದಾದ ಗರಿಷ್ಠ ತೂಕವೇ ಮಾದರಿಗೆ ತಕ್ಕಂತೆ 1,100 ಕಿಲೋ ಆಸುಪಾಸು. ಹೈಡ್ರೋಜನ್ನಿನಲ್ಲಾದರೆ ಕಿಲೋಗೆ 33 ಯೂನಿಟ್ ಶಕ್ತಿಯಿದ್ದು, ಫ್ಯುಯೆಲ್ ಸೆಲ್ ಅದರ ಅರ್ಧದಷ್ಟನ್ನು ವಿದ್ಯುತ್ತಾಗಿಸುತ್ತದೆ. ಆದ್ದರಿಂದ 13 ಕಿಲೋ ಅನಿಲ ಸಾಕು, ಅಧಿಕ ಒತ್ತಡದ ಟ್ಯಾಂಕಿನ ಸಮೇತ 250 ಕಿಲೋ ಎನ್ನಿ.

ಹಾಗಾದರೆ ಬ್ಯಾಟರಿಯನ್ನು ಬಿಟ್ಟೇಬಿಡಬಹುದಲ್ಲ? ಬಿಟ್ಟರೆ, ಮೇಲೇರುವ ಆ ಹತ್ತು ನಿಮಿಷಕ್ಕೋಸ್ಕರ ಸ್ಟ್ಯಾಕ್ (ಒಂದರ ಪಕ್ಕ ಒಂದು ಜೋಡಿಸಿದ ಸೆಲ್ಲುಗಳ ಕಟ್ಟು), ಗಾಳಿಯ ಕಂಪ್ರೆಸರ್, ರೇಡಿಯೇಟರ್ ಎಲ್ಲವನ್ನೂ ಮುಕ್ಕಾಲು ಪಾಲು ಹಿಗ್ಗಿಸಬೇಕಾಗುತ್ತದೆ. ಇವುಗಳಲ್ಲಿ ರೇಡಿಯೇಟರ್‌ನದೇ ದೊಡ್ಡ ತಲೆನೋವು. ಪೆಟ್ರೋಲ್ ಎಂಜಿನ್ನಿನ ಬಿಸಿಯಲ್ಲಿ ದೊಡ್ಡ ಪಾಲು ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಸುಮಾರು 80 ಡಿಗ್ರಿಯಲ್ಲಿ ಕೆಲಸ ಮಾಡುವ ಫ್ಯುಯೆಲ್ ಸೆಲ್‌ನ ಬಿಸಿಯನ್ನಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ಕೂಲಂಟ್, ಅಂದರೆ ತಂಪುಗೊಳಿಸುವ ದ್ರವದ ಮೂಲಕವೇ ಹೊರಹಾಕಬೇಕು, ಅದೂ ವಿಮಾನ ನಿಧಾನವಾಗಿ ಏರುತ್ತಿರುವಾಗ. ಕೊರತೆ ಬೀಳುವ 60 ಕಿಲೋವ್ಯಾಟ್ ಅನ್ನು ಹತ್ತು ನಿಮಿಷ ಬ್ಯಾಟರಿಯೇ ಕೊಟ್ಟರೆ ಖರ್ಚಾಗುವುದು ಹತ್ತು ಯೂನಿಟ್ ಮಾತ್ರ. ಆದರೆ ಹತ್ತು ಯೂನಿಟ್ಟಿನ ಪ್ಯಾಕಿನಿಂದ ಅಷ್ಟು ರಭಸವಾಗಿ ಎಳೆದರೆ ಅದು ಕಾದು ಬೇಗ ಸವೆಯುತ್ತದೆ, ಹಾಗಾಗಿ ನಾನಾದರೆ ಇಪ್ಪತ್ತು ಯೂನಿಟ್, ಅಂದರೆ 100 ಕಿಲೋ ಇಡುತ್ತೇನೆ.

2008ರಲ್ಲಿ ಬೋಯಿಂಗ್ ಸ್ಪೇನಿನಲ್ಲಿ ಹಾರಿಸಿದ ಡಿಮೋನಾ ವಿಮಾನ ಮಾಡಿದ್ದು ಇದನ್ನೇ: ಏರುವಾಗ ಎರಡನ್ನೂ ಬಳಸಿ, ಸುಮಾರು 1,000 ಮೀಟರ್ ಎತ್ತರದಲ್ಲಿ ಬ್ಯಾಟರಿಯನ್ನು ಬೇರ್ಪಡಿಸಿ, ಬರೀ ಫ್ಯುಯೆಲ್ ಸೆಲ್‌ನಿಂದ 20 ನಿಮಿಷ ಹಾರಿತು.

ಈ ಬೇರ್ಪಡಿಸುವ ಗಳಿಗೆಯೇ ನನ್ನ ದೃಷ್ಟಿಯಲ್ಲಿ ತೂಕಕ್ಕಿಂತ ಕಠಿಣವಾದ ವಿಷಯ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ 2021ರ ಏಪ್ರಿಲ್ 29ರಂದು ಜೀರೋಏವಿಯಾ ಕಂಪನಿಯ ಪೈಪರ್ ಮಾಲಿಬು ಪರೀಕ್ಷಾ ಹಾರಾಟದಲ್ಲಿತ್ತು. ಫ್ಯುಯೆಲ್ ಸೆಲ್ ಒಂದರಿಂದಲೇ ಹಾರುವ ಉದ್ದೇಶದಿಂದ ಬ್ಯಾಟರಿಯನ್ನು ಆಫ್ ಮಾಡಿದಾಗ ವಿದ್ಯುತ್ ಪೂರೈಕೆ ಕಡಿದುಹೋಯಿತು. ಪ್ರೊಪೆಲರ್ ಮಾತ್ರ ಎದುರುಗಾಳಿಗೆ ತಿರುಗುತ್ತಲೇ ಇತ್ತು. ತಿರುಗುವ ಮೋಟಾರು ಜನರೇಟರ್ ಆಗಿಬಿಡುತ್ತದೆ. ಹಾಗೆ ಹುಟ್ಟಿದ ವೋಲ್ಟೇಜ್, ವಿದ್ಯುತ್ತನ್ನು ಮೋಟಾರಿಗೆ ಬೇಕಾದಂತೆ ಬದಲಿಸಿ ಕೊಡುವ ಇನ್ವರ್ಟರಿನ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸಿತು, ಅದು ಮೋಟಾರುಗಳಿಗೆ ವಿದ್ಯುತ್ತಿನ ದಾರಿಯನ್ನೇ ಮುಚ್ಚಿತು. ವಿಮಾನ ಹೊಲಕ್ಕಿಳಿದು ತೀವ್ರವಾಗಿ ಜಖಂಗೊಂಡಿತು, ಒಳಗಿದ್ದವರಿಗೆ ಪೆಟ್ಟಾಗಲಿಲ್ಲ. ರಕ್ಷಣೆಗೆಂದು ಇಟ್ಟದ್ದೇ ಶಕ್ತಿಯನ್ನು ತಡೆದ ಈ ಪ್ರಸಂಗವನ್ನು ತನಿಖಾ ವರದಿಯಲ್ಲಿ ಓದಿದಾಗ, ನಾನು ಆಗ ಕೆಲಸ ಮಾಡುತ್ತಿದ್ದ ನಿಯಂತ್ರಕದ ಟ್ರಿಪ್ ಮಿತಿಗಳನ್ನೆಲ್ಲ (ಯಾವ ಮಟ್ಟ ದಾಟಿದರೆ ಅದು ತಾನಾಗಿ ವಿದ್ಯುತ್ ಕಡಿಯಬೇಕೆಂಬುದನ್ನು) ಮತ್ತೊಮ್ಮೆ ತೆಗೆದು ನೋಡಿದೆ.

ಆದುದರಿಂದ ಬ್ಯಾಟರಿಯನ್ನು ಟೇಕಾಫ್‌ಗೆ ಕೈಜೋಡಿಸುವ ಸಹಾಯಕನೆಂದಷ್ಟೇ ಎಣಿಸಬಾರದು. ಥ್ರಾಟಲ್ ತಳ್ಳಿದೊಡನೆ ಫ್ಯುಯೆಲ್ ಸೆಲ್ ಸ್ಪಂದಿಸಲಾರದು, ಏಕೆಂದರೆ ಮೊದಲು ಕಂಪ್ರೆಸರ್ ವೇಗ ಹಿಡಿದು ಗಾಳಿ ತರಬೇಕು. ಗಾಳಿ ಬರುವ ಮುನ್ನ ಒತ್ತಾಯದಿಂದ ಎಳೆದರೆ ಸೆಲ್ಲುಗಳು ಕೆಡುತ್ತವೆ. ಆ ಅಂತರವನ್ನು ತುಂಬುವುದೂ, ಎರಡೂ ಹಂಚಿಕೊಳ್ಳುವ ವಿದ್ಯುತ್ ಹಾದಿಯ ವೋಲ್ಟೇಜನ್ನು ಅಲುಗದಂತೆ ಹಿಡಿಯುವುದೂ ಬ್ಯಾಟರಿಯೇ. ಸ್ಟ್ಯಾಕ್ ಕೈಕೊಟ್ಟರೆ ಮೇಲೆ ಹೇಳಿದ ಇಪ್ಪತ್ತು ಯೂನಿಟ್ಟಿನಿಂದ, ಪ್ಯಾಕ್ ತುಂಬಿದ್ದರೆ, ಹದಿನೈದು ನಿಮಿಷ ಹಾರಿ ಇಳಿಯಲು ಜಾಗ ಹುಡುಕಬಹುದು.

ಅದೇ ಜೀರೋಏವಿಯಾ ಕಂಪನಿ 2023ರ ಜನವರಿಯಲ್ಲಿ 19 ಆಸನದ ಡಾರ್ನಿಯರ್ 228 ಅನ್ನು (ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ವಿಮಾನವೇ) ಹತ್ತು ನಿಮಿಷ ಹಾರಿಸಿತು. ಎಡಗಡೆಯ ಮೋಟಾರಿಗೆ ಫ್ಯುಯೆಲ್ ಸೆಲ್ ಮತ್ತು ಬ್ಯಾಟರಿ ಜೊತೆಯಾಗಿ ವಿದ್ಯುತ್ ಕೊಟ್ಟವು, ಬಲಗಡೆ ಮಾಮೂಲಿ ಟರ್ಬೊಪ್ರಾಪ್ ಎಂಜಿನ್ನೇ ಇತ್ತು.

ಬರೀ ಬ್ಯಾಟರಿ ಎಲ್ಲಿಯೂ ಸಾಲದೆಂದಲ್ಲ. 2020ರ ಜೂನಿನಲ್ಲಿ ಯುರೋಪಿನ ಪ್ರಮಾಣಪತ್ರ ಪಡೆದ ಎರಡು ಆಸನದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ಸುಮಾರು 50 ನಿಮಿಷ ಹಾರುತ್ತದೆ. ರನ್‌ವೇ ಸುತ್ತಲೇ ತಿರುಗಿ ಇಳಿಯುವುದನ್ನು ಕಲಿಯುವವರಿಗೆ ಅಷ್ಟು ಸಾಕು, ಅಲ್ಲಿ ಹೈಡ್ರೋಜನ್ ಟ್ಯಾಂಕಿನ ಗೋಜು ಬೇಡವೆಂದೇ ನಾನು ಹೇಳುತ್ತೇನೆ.