ಸಂತೆಗೆ ಬಂದ ದನದ ರಕ್ತದಲ್ಲಿ

ಪತ್ರ: ‘ಕಳೆದ ಸಂಚಿಕೆಯಲ್ಲಿ ಆಫ್ರಿಕಾದ ನಿದ್ರಾ ರೋಗವನ್ನು “ಕಾಡಿನ ಕಾಯಿಲೆ” ಎಂದು ಕರೆದಿದ್ದೀರಿ. ನನ್ನ ಮಗ ಉಗಾಂಡದ ಕಂಪಾಲಾದ ಹೊರವಲಯದಲ್ಲಿದ್ದಾನೆ. ಪಕ್ಕದ ಮನೆಯವರು ಹಸು ಕಟ್ಟಿದ್ದಾರೆ, ಹಾಲು ಅಲ್ಲಿಂದಲೇ ಬರುತ್ತದೆ. ನಗರದಲ್ಲಿರುವವರು ನಿಶ್ಚಿಂತೆಯಿಂದ ಇರಬಹುದೇ? ನಮ್ಮ ದನಗಳಿಗೂ ಇದು ಬಂದೀತೇ?’
– ತಿಪಟೂರಿನ ಓದುಗರೊಬ್ಬರು

ಸಂಪಾದಕರ ಉತ್ತರ: ಮಾನ್ಯರೇ, ಮೊದಲು ನಿಮ್ಮ ಮಗನ ವಿಚಾರ. ಇದು ತ್ಸೆ ತ್ಸೆ ನೊಣ ಕಚ್ಚಿ ಬರುವ ಕಾಯಿಲೆ, ಹಾಲು ಕುಡಿದು ಬರುವುದಲ್ಲ. ಹಾಲನ್ನು ಕಾಯಿಸಿಯೇ ಕುಡಿಯಲಿ, ಆದರೆ ಅದಕ್ಕೆ ಹಸಿ ಹಾಲಿನಿಂದ ಹರಡುವ ಬ್ರುಸೆಲ್ಲೋಸಿಸ್ ಜ್ವರದಂಥ ಬೇರೆ ಕಾರಣಗಳಿವೆ. ಕಂಪಾಲಾದಲ್ಲಿ ಇದ್ದುಕೊಂಡು ಕೆಲಸ ಮಾಡುವವರಿಗೆ ಅಪಾಯ ತೀರಾ ಕಡಿಮೆ.

ಆದರೂ ‘ಕಾಡಿನ ಕಾಯಿಲೆ’ ಎಂಬ ಮಾತನ್ನು ನಾನು ಹೊಡೆದು ಹಾಕಬೇಕಿತ್ತು. ಉಗಾಂಡದ ಸೊರೊಟಿ ಪಟ್ಟಣದ ಸುತ್ತ ನಡೆದದ್ದನ್ನು ಕೇಳಿ. ದನಗಳ್ಳರ ದಾಳಿಯಿಂದ ಕೊಟ್ಟಿಗೆಗಳು ಬರಿದಾಗಿದ್ದವು. ಜನ ಮತ್ತೆ ದನ ಕೊಳ್ಳಲು ಹೊರಟಾಗ, ರೋಗವಿದ್ದ ಆಗ್ನೇಯ ಜಿಲ್ಲೆಗಳಿಂದ ರಾಸುಗಳು ಅಲ್ಲಿನ ಸಂತೆಗೆ ಬಂದವು. 1998ರ ಕೊನೆಗೆ, ಅದುವರೆಗೆ ಈ ರೋಗ ಕಾಣದಿದ್ದ ಸೀಮೆಯಲ್ಲಿ ಜನ ಹಾಸಿಗೆ ಹಿಡಿಯತೊಡಗಿದರು. ಸಂಶೋಧಕರು ನಕ್ಷೆ ಹಾಕಿ ನೋಡಿದರೆ, ಸಂತೆಗೆ ಹತ್ತಿರವಿದ್ದವರಿಗೇ ಅಪಾಯ ಹೆಚ್ಚು! ನೊಣ ಅಲ್ಲಿ ಮೊದಲೇ ಇತ್ತು, ಇಲ್ಲದಿದ್ದುದು ಈ ರೋಗ ತರುವ ಟ್ರಿಪನೊಸೋಮ ಎಂಬ ಪರೋಪಜೀವಿ. ಅದನ್ನು ಕರೆತಂದದ್ದು ದನ. ಅಲ್ಲಿನ ನಾಟಿ ದನ ಈ ಜೀವಿಯನ್ನು ಹೊತ್ತೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಹಲ್ಲು ನೋಡಿ, ಸುಳಿ ನೋಡಿ ಕೊಳ್ಳುವ ನಮ್ಮ ಹಳೆಯ ಜಾಣತನ ಅಲ್ಲಿ ಏನು ಮಾಡೀತು? ಮಾರುವ ಮೊದಲು ಟ್ರಿಪನೊಸೋಮ ಕೊಲ್ಲುವ ಚುಚ್ಚುಮದ್ದು ಹಾಕಿಸಬೇಕೆಂಬ ನಿಯಮವೇನೋ ಇತ್ತು. 2006ರಲ್ಲಿ ಮಕೆರೆರೆ ವಿಶ್ವವಿದ್ಯಾಲಯದ ಪಶುವೈದ್ಯ ವಿದ್ಯಾರ್ಥಿಗಳೂ ಸೇರಿಕೊಂಡು ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಮದ್ದು ಹಾಕಿದರು. ನೊಣ ಹೆಚ್ಚಾಗಿ ಕೂರುವುದು ಕಾಲು, ಹೊಟ್ಟೆಯ ಮೇಲೆ, ಹಾಗಾಗಿ ಕೀಟನಾಶಕವನ್ನು ಅಲ್ಲಿಗಷ್ಟೇ ಸಿಂಪಡಿಸಿದರು. ಖರ್ಚು ಉಳಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಇನ್ನು ದೊಡ್ಡ ನಗರಗಳು. ಕಾಂಗೋದ ರಾಜಧಾನಿ ಕಿನ್ಶಾಸಾದ ನಿವಾಸಿಗಳಲ್ಲೇ 1990ರ ದಶಕದ ಕೊನೆಗೆ ನಿದ್ರಾ ರೋಗ ಹೆಚ್ಚಿತು. ಅಲ್ಲಿಯದು ಮುಖ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ನೊಣ ದಾಟಿಸುವ ಬಗೆ. ಸೆನೆಗಲ್‌ನ ಡಾಕರ್ ಪಕ್ಕದ ನಿಯಾಯಿಯಲ್ಲಿ ಜನರಿಗೆ ತೊಂದರೆಯಿರಲಿಲ್ಲ, ದನಗಳಿಗೆ ಬರುವ ಟ್ರಿಪನೊಸೋಮ ರೋಗದಿಂದ ನವೆದದ್ದು ಹೈನುಗಾರಿಕೆ. ಅಲ್ಲಿ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನು ಆಕಾಶದಿಂದ ಬಿಟ್ಟು ನೊಣದ ಸಂತತಿಯನ್ನೇ ಅಡಗಿಸಿದರು.

ನಿಮ್ಮ ಕೊನೆಯ ಪ್ರಶ್ನೆ. ತ್ಸೆ ತ್ಸೆ ನಮ್ಮಲ್ಲಿಲ್ಲ. ಆದರೆ ನಿದ್ರಾ ರೋಗದ ದಾಯಾದಿ ‘ಸರ್ರಾ’ ಇದೆ. ಕುದುರೆ, ಒಂಟೆ, ಎಮ್ಮೆ, ದನಗಳಿಗೆ ಅದನ್ನು ಹರಡುವುದು ರಕ್ತ ಹೀರುವ ದಪ್ಪ ನೊಣ. ನಿಮ್ಮ ರಾಸುಗಳಿಗೆ ಬಿಟ್ಟು ಬಿಟ್ಟು ಜ್ವರ ಬಂದು, ಮೇವು ತಿಂದರೂ ಸೊರಗುತ್ತಿದ್ದರೆ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ. ಮನುಷ್ಯರ ರಕ್ತದಲ್ಲಿರುವ ಒಂದು ಪ್ರೋಟೀನ್ ಸರ್ರಾ ತರುವ ಜೀವಿಯನ್ನು ಕೊಲ್ಲುತ್ತದೆ. ಆದರೂ 2004ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತರೊಬ್ಬರಿಗೆ ಸರ್ರಾ ತಗುಲಿತು. ಪರೀಕ್ಷಿಸಿದಾಗ ಆ ಪ್ರೋಟೀನೇ ಅವರಲ್ಲಿರಲಿಲ್ಲ. ಔಷಧಿಯಿಂದ ಗುಣವಾದರು.

ಅಂದ ಹಾಗೆ, ನಿಮ್ಮ ಮಗ ರಜೆಯಲ್ಲಿ ಅಭಯಾರಣ್ಯ ನೋಡಲು ಹೊರಟರೆ ನೀಲಿ, ಕಪ್ಪು ಬಟ್ಟೆ ಬೇಡವೆನ್ನಿ. ಆ ಬಣ್ಣಗಳೆಂದರೆ ತ್ಸೆ ತ್ಸೆಗೆ ಪ್ರಾಣ. ಬಂದ ಮೇಲೆ ಜ್ವರ ಕಾಣಿಸಿದರೆ, ಎಲ್ಲಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ಅವನೇ ಮುಂದಾಗಿ ಹೇಳಲಿ.