ಅಮ್ಮ ತುಳು, ಅಪ್ಪ ಕೊಂಕಣಿ: ಮಗುವಿನ ಮಾತು ತಡವಾಗುತ್ತಾ?

ಮಂಗಳೂರಿನ ಮನೆ. ಅಮ್ಮನದ್ದು ತುಳು, ಅಪ್ಪನದ್ದು ಕ್ರಿಶ್ಚಿಯನ್ ಕೊಂಕಣಿ, ಹೊರಗೆ ಕನ್ನಡ. ಮಗುವಿಗೆ ಗೊಂದಲ ಆಗುತ್ತಾ ಎಂದು ಕೇಳಿದ್ದೀರಿ.

ಇಲ್ಲ. ಭಾಷೆ ಜಾಸ್ತಿಯಾದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ. ನೀರಿಗೆ ಅಮ್ಮನ ಹತ್ತಿರ ‘ನೀರ್’, ಅಪ್ಪನ ಹತ್ತಿರ ‘ಉದಾಕ್’ ಅಂದರೆ ಅದು ಎರಡು ಪದ. 2 ವರ್ಷಕ್ಕೆ ಒಟ್ಟು 50 ಪದ ಇಲ್ಲ ಅಥವಾ ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಆಗಲೂ ಮನೆಮಾತು ನಿಲ್ಲಿಸಬೇಡಿ.

ನನಗೆ ಭಯ ಇರುವುದು ಬೇರೆ ಕಡೆ. ನರ್ಸರಿ ಶುರುವಾದದ್ದೇ ಅಪ್ಪ ಅಮ್ಮ ಇಬ್ಬರೂ ಸುಮ್ನೆ ಇಂಗ್ಲಿಷಿಗೆ ಜಾರುತ್ತಾರೆ! ಹಾಗಾಗದಿರಲು, ಅಪ್ಪನ ಕಡೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನದ ಹಬ್ಬ) ಹೊಸ ಅಕ್ಕಿ ಊಟಕ್ಕೂ, ಅಮ್ಮನ ಕುಟುಂಬದ ಮನೆಯ ಕೋಲಕ್ಕೂ (ದೈವಾರಾಧನೆ) ಮಗುವನ್ನು ಕರೆದುಕೊಂಡು ಹೋಗಿ. ಅಲ್ಲಿ ಅಜ್ಜ ಅಜ್ಜಿಯರ ಜೊತೆ ಬಿಟ್ಟುಬಿಡಿ, ನಡುವೆ ನೀವು ಅನುವಾದ ಮಾಡಲು ಹೋಗಬೇಡಿ.