ಹಲ್ಲು ಜುಂ ಅನ್ನುವುದು ಎಷ್ಟು ಹೊತ್ತು?

ಪ್ರಶ್ನೆ: ನನಗೆ 42 ವರ್ಷ. ಬೆಳಿಗ್ಗೆ ನಲ್ಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಮೇಲಿನ ಸಾಲಿನ ಎಡಗಡೆಯ ಎರಡು ಮೂರು ಹಲ್ಲು ಜುಂ ಅನ್ನುತ್ತವೆ. ಹುಳುಕೇನೂ ಕಾಣುವುದಿಲ್ಲ. ಸೆನ್ಸಿಟಿವ್ ಪೇಸ್ಟ್ ತಂದು ಒಂದು ವಾರ ಉಜ್ಜಿದರೂ ಗುಣ ಕಾಣಲಿಲ್ಲ. ತೂಕ ಇಳಿಸಲೆಂದು ದಿನಾ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿದು, ಆಮೇಲೆ ಹಲ್ಲುಜ್ಜುತ್ತೇನೆ. ಏನು ಮಾಡಲಿ?
— ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಅರ್ಧ ಉತ್ತರವಿದೆ. ಹಲ್ಲಿನ ಮೇಲ್ಪದರವಾದ ಎನಾಮಲ್ ಗಟ್ಟಿ ನಿಜ, ಆದರೆ ಬಾಯಿಯ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರಿಂದ 3. ಕುಡಿದ ಕೂಡಲೇ ಮೆತ್ತಗಾದ ಪದರದ ಮೇಲೆ ಬ್ರಷ್ ಆಡಿಸಿದರೆ ಅದು ಸವೆದು ಹೋಗುತ್ತದೆ. ಒಮ್ಮೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಎಡಗಡೆಯೇ ಏಕೆ? ಬಲಗೈಯಲ್ಲಿ ಉಜ್ಜುವವರು ಎಡಬದಿಯ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳ ಮೇಲೆ ತಿಳಿಯದೆಯೇ ಹೆಚ್ಚು ಒತ್ತುತ್ತಾರೆ. ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿದರೆ ವಸಡು ಮೇಲಕ್ಕೆ ಸರಿದು ಬೇರಿನ ಭಾಗ ಹೊರಗೆ ಕಾಣುತ್ತದೆ. ಕನ್ನಡಿ ಮುಂದೆ ನಿಂತು ವಸಡಿನ ಅಂಚಿನಲ್ಲಿ ಉಗುರನ್ನು ಮೆಲ್ಲಗೆ ಆಡಿಸಿ ನೋಡಿ; ಗೀರು ಬಿದ್ದಂತೆ ಉಗುರು ಸಿಕ್ಕಿಕೊಂಡರೆ ಅಲ್ಲಿ ಸವೆದಿದೆ ಎಂದರ್ಥ.

ಬೇರಿನ ಮೇಲೆ ಎನಾಮಲ್ ಇರುವುದಿಲ್ಲ. ಒಳಗಿನ ಡೆಂಟಿನ್ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿದ್ದು, ಅವುಗಳಲ್ಲಿ ದ್ರವ ತುಂಬಿರುತ್ತದೆ. ತಣ್ಣೀರು ತಗುಲಿದಾಗ ಆ ದ್ರವ ಹೊರಕ್ಕೆ ಸರಿದು ಒಳಗಿನ ನರವನ್ನು ಕೆಣಕುತ್ತದೆ. ಆ ಕೊಳವೆಗಳ ಬಾಯಿ ಮುಚ್ಚಬೇಕು, ಇಲ್ಲವೇ ನರವನ್ನು ಶಾಂತಗೊಳಿಸಬೇಕು. ಚಿಕಿತ್ಸೆಯೆಲ್ಲ ಇವೆರಡರ ಸುತ್ತಲೇ ಇದೆ.

ಪೇಸ್ಟ್ ಕೆಲಸ ಮಾಡಲಿಲ್ಲ ಎಂದು ಒಂದೇ ವಾರಕ್ಕೆ ಬಿಡಬೇಡಿ. ಶೇ. 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರವನ್ನು ಶಾಂತಗೊಳಿಸಲು ಎರಡರಿಂದ ನಾಲ್ಕು ವಾರ ಬೇಕು, ಅದೂ ದಿನಕ್ಕೆರಡು ಸಲ ತಪ್ಪದೆ. ಸ್ಟ್ಯಾನಸ್ ಫ್ಲೋರೈಡ್, ಅರ್ಜಿನೈನ್ ಇರುವವು ಕೊಳವೆಯ ಬಾಯಿ ಮುಚ್ಚುವ ಬಗೆಯವು. ಟ್ಯೂಬಿನ ಹಿಂದೆ ಬರೆದಿರುವ ಈ ಹೆಸರುಗಳನ್ನು ಓದಿಕೊಂಡೇ ಕೊಳ್ಳಿ.

ಬಳಸುವ ರೀತಿಯಲ್ಲೇ ಹೆಚ್ಚಿನವರು ತಪ್ಪುವುದು. ಬ್ರಷ್ ಸಾಫ್ಟ್ ಇರಲಿ, ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಬ್ರಷ್ಷನ್ನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು, ವಸಡಿನ ಕಡೆಗೆ ಓರೆಯಾಗಿಟ್ಟು ಸಣ್ಣ ಸಣ್ಣ ಸುತ್ತು ಹಾಕುತ್ತಾ ಎರಡು ನಿಮಿಷ ಉಜ್ಜಿ. ನೊರೆ ಉಗುಳಿ, ಆದರೆ ನೀರು ತುಂಬಿಕೊಂಡು ಮತ್ತೆ ಮತ್ತೆ ಮುಕ್ಕಳಿಸಬೇಡಿ, ಔಷಧವೆಲ್ಲ ತೊಳೆದುಹೋಗುತ್ತದೆ. ರಾತ್ರಿ ಮಲಗುವ ಮುನ್ನ ಜುಂ ಅನ್ನುವ ಜಾಗಕ್ಕೆ ಬೆರಳಿನಿಂದ ಚೂರು ಪೇಸ್ಟ್ ಸವರಿ ಬಿಡಿ. ಹಲ್ಲುಜ್ಜಿದ ಮೇಲೆ ತಿಂಡಿ ತಿನ್ನಿ. ಹುಳಿ ತಿಂದಿದ್ದರೆ ಬರೀ ನೀರಿನಲ್ಲಿ ಬಾಯಿ ತೊಳೆದು ಅರ್ಧದಿಂದ ಒಂದು ಗಂಟೆ ಬಿಟ್ಟು ಉಜ್ಜಿ. ನಿಂಬೆನೀರನ್ನು ನಿಲ್ಲಿಸುವುದೇ ಒಳ್ಳೆಯದು.

ನಾಲ್ಕು ವಾರವಾದರೂ ಕಡಿಮೆಯಾಗದಿದ್ದರೆ ದಂತ ವೈದ್ಯರು ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಹಚ್ಚಿದ ಮೇಲೆ ಕೆಲವು ಗಂಟೆ ಬಿಸಿಯಾದದ್ದು, ಗಟ್ಟಿಯಾದದ್ದು ಬೇಡ. ಗೀರು ಆಳವಾಗಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬುತ್ತಾರೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ, ಆಗ ಮಲಗುವಾಗ ಹಾಕಿಕೊಳ್ಳುವ ಗಾರ್ಡ್ ಬೇಕಾಗಬಹುದು.

ಒಂದು ಮಾತನ್ನು ಎಲ್ಲರೂ ಗಮನಿಸಬೇಕು. ತಣ್ಣನೆಯದು ತಗುಲಿ ಕೆಲವೇ ಸೆಕೆಂಡಿನಲ್ಲಿ ಜುಂ ನಿಂತರೆ ಅದು ಪೇಸ್ಟಿಗೆ ಬಗ್ಗುವ ತೊಂದರೆ. ಅರ್ಧ ನಿಮಿಷ ದಾಟಿಯೂ ನೋವು ಉಳಿದರೆ, ಬಿಸಿ ಕಾಫಿಗೆ ಇನ್ನೂ ಜೋರಾದರೆ, ರಾತ್ರಿ ತಾನಾಗಿ ಎಬ್ಬಿಸಿದರೆ, ಒಳಗಿನ ನರ ಕೆಟ್ಟಿರುತ್ತದೆ. ರೂಟ್ ಕೆನಾಲ್ ಬೇಕಾಗಬಹುದು. ಕಚ್ಚಿದ್ದನ್ನು ಬಿಡುವಾಗ ಒಂದೇ ಹಲ್ಲು ಚುಳ್ ಎಂದರೆ ಬಿರುಕಿನ ಅನುಮಾನ. ಇಂಥವರು ಪೇಸ್ಟ್ ಬದಲಿಸುತ್ತಾ ತಿಂಗಳು ಕಳೆಯಬಾರದು.

ಪ್ರಶ್ನೆ: ಹಲ್ಲು ಕ್ಲೀನ್ ಮಾಡಿಸಿದ ಮೇಲೆ ಎಲ್ಲಾ ಹಲ್ಲೂ ಜುಂ ಅನ್ನುತ್ತಿವೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದಂತೆ, ನಿಜವೇ?
— ಓದುಗರು, ಅರಸೀಕೆರೆ

ಉತ್ತರ: ನಿಜವಲ್ಲ. ಗಟ್ಟಿ ಪಾಚಿ ಬೇರನ್ನು ಮುಚ್ಚಿಕೊಂಡಿತ್ತು, ವಸಡು ಊದಿತ್ತು. ಪಾಚಿ ತೆಗೆದ ಮೇಲೆ ಬೇರಿಗೆ ಗಾಳಿ, ನೀರು ತಾಗುತ್ತದೆ. ಊತ ಇಳಿದು ಹಲ್ಲಿನ ಸಂದು ಕಾಣುತ್ತದೆ. ಹಲ್ಲನ್ನು ಅಲುಗಾಡಿಸುವುದು ಆ ಪಾಚಿಯೇ, ಏಕೆಂದರೆ ಅದರಿಂದ ಹಲ್ಲು ಹಿಡಿದಿರುವ ಮೂಳೆ ಕರಗುತ್ತದೆ. ಒಂದೆರಡು ವಾರದಲ್ಲಿ ಜುಂ ಸಾಮಾನ್ಯವಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರು, ಮೇಲೆ ಹೇಳಿದ ಪೇಸ್ಟ್. ನೋವಿಗೆ ಹೆದರಿ ಉಜ್ಜುವುದನ್ನು ಬಿಟ್ಟರೆ ಮತ್ತೆ ಪಾಚಿ ಕಟ್ಟುತ್ತದೆ.

ಪ್ರಶ್ನೆ: ಅಮ್ಮನಿಗೆ 65 ವರ್ಷ. ಇದ್ದಿಲ ಪುಡಿ, ಉಪ್ಪಿನಲ್ಲಿ ಹಲ್ಲುಜ್ಜುತ್ತಾರೆ, ಎಲೆಅಡಿಕೆ ಹಾಕುತ್ತಾರೆ. ಜುಂ ಎಂದಾಗ ಲವಂಗದ ಎಣ್ಣೆ ಹಚ್ಚುತ್ತಾರೆ. ಈಚೆಗೆ ಖಾರ ತಿಂದರೆ ಬಾಯಿ ಉರಿ ಅನ್ನುತ್ತಾರೆ.
— ಓದುಗರು, ತರೀಕೆರೆ

ಉತ್ತರ: ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಅಷ್ಟೆ, ಸವೆದದ್ದನ್ನು ಮುಚ್ಚುವುದಿಲ್ಲ, ನೇರವಾಗಿ ಹಚ್ಚಿದರೆ ವಸಡು ಸುಡುತ್ತದೆ. ಇದ್ದಿಲು, ಉಪ್ಪು ಎರಡೂ ಹಲ್ಲನ್ನು ತೇಯುತ್ತವೆ, ಇಂದೇ ನಿಲ್ಲಿಸಿ. ಅಡಿಕೆ ಜಗಿದೂ ಹಲ್ಲಿನ ತುದಿ ಸವೆದಿರುತ್ತದೆ.

ಆದರೆ ಖಾರಕ್ಕೆ ಬಾಯಿ ಉರಿಯುವುದು ಬೇರೆಯೇ ವಿಷಯ, ಅದು ಹಲ್ಲಿನದಲ್ಲ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಳ್ಳುವ ರೋಗ ಹೀಗೇ ಶುರುವಾಗುತ್ತದೆ, ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಅಮ್ಮ ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಯೊಳಗೆ ಇಟ್ಟುಕೊಳ್ಳಲು ಆಗುತ್ತದೆಯೇ ನೋಡಿ. ಆಗದಿದ್ದರೆ, ಇಲ್ಲವೇ ಕೆನ್ನೆಯೊಳಗೆ ಬಿಳಿ ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ, ಈ ವಾರವೇ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿ. ಬೆರಳು ಹಿಡಿಸಿದರೂ ಉರಿ ಇರುವುದರಿಂದ ಒಮ್ಮೆ ಪರೀಕ್ಷೆ ಆಗಲೇಬೇಕು, ಎಲೆಅಡಿಕೆ ಬಿಡಲೇಬೇಕು.